ಮುತ್ತಜ್ಜನ ಮೀಸೆ ಮತ್ತು 1,350 ರೂಪಾಯಿಯ ಟಾರ್ಚ್

ಆನ್‌ಲೈನಲ್ಲಿ ಎರಡು ಸಾಮಾನು ತರಿಸಿದ್ದೆ, ಒಂದು ಯುವಿ (ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ) ಟಾರ್ಚ್ 1,350 ರೂಪಾಯಿ, ಇನ್ನೊಂದು ಯುಎಸ್‌ಬಿ ಮೈಕ್ರೋಸ್ಕೋಪ್ 1,900 ರೂಪಾಯಿ. ಯಾವ ಕಂಪೆನಿದು ಅಂತ ಕೇಳ್ಬೇಡಿ ಮಾರಾಯ್ರೆ, ಬಾಕ್ಸಿನ ಮೇಲಿದ್ದ ಹೆಸರು ನನಗೆ ಓದ್ಲಿಕ್ಕೆ ಬರುದಿಲ್ಲ, ನಾಳೆ ಅದೇ ಸಾಮಾನು ಬೇರೆ ಹೆಸರಲ್ಲಿ ಬರ್ತದೆ. ಹೆಸರಲ್ಲಿ ಎಂತ ಇಲ್ಲ, ಒಳಗೆ ಎಂತ ಉಂಟು ಅಂತ ನೋಡಿ ತಗೊಳ್ಬೇಕು, ಅದನ್ನೇ ಬರೀತಾ ಇದ್ದೇನೆ. ಆಟಿ ತಿಂಗಳ ಮಳೆಯಲ್ಲಿ ತರಿಸಿದ್ದು, ಈಗ ಎರಡು ತಿಂಗಳಾಯ್ತು. ಟಾರ್ಚ್ ಪಾಸ್, ಮೈಕ್ರೋಸ್ಕೋಪ್ ಫೇಲ್. ಪುರ್ಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸ್ಬಹುದು.

ಇದೆಲ್ಲ ಯಾಕೆ ಬೇಕಿತ್ತು ಅಂತ ನನ್ನ ಹೆಂಡತಿಯೂ ಕೇಳಿದಳು. ವಿಷಯ ಎಂತ ಅಂದ್ರೆ ಉಡುಪಿ ಹತ್ತಿರ ನಮ್ಮ ಹಳೇ ಮನೆಯ ಚಾವಡಿಯಲ್ಲಿ ಎರಡು ಚಿತ್ರ ಉಂಟು. ಒಂದು ಮುತ್ತಜ್ಜನ ಆಯಿಲ್ ಪೇಂಟಿಂಗ್, ಬಿಳಿ ಪೇಟ, ಜರಿ ಶಾಲು, ಹುರಿ ಮಾಡಿದ ಮೀಸೆ, 1930ರ ಸುಮಾರಿಗೆ ಫೋಟೋ ನೋಡಿ ಬರೆಸಿದ್ದಂತೆ. ಇನ್ನೊಂದು ಲಕ್ಷ್ಮಿ, ಎಲ್ಲರ ಮನೆಯಲ್ಲೂ ಇರ್ತದಲ್ಲ, ತಾವರೆ ಮೇಲೆ ನಿಂತದ್ದು, ಪಕ್ಕದಲ್ಲಿ ಆನೆ, ಅದು. ದೊಡ್ಡಮ್ಮನ ಪ್ರಕಾರ ಅದು ಸಾಕ್ಷಾತ್ ರವಿವರ್ಮನೇ ಕೂತು ಬರೆದದ್ದು. ಈ ವರ್ಷ ಮನೆಯ ಹಂಚು ಬಿಚ್ಚಿ ರಿಪೇರಿ ಮಾಡುವ ಮಾತು ಬಂತು, ಚಿತ್ರ ಎಲ್ಲಿಡುದು ಯಾರ ಮನೆಯಲ್ಲಿಡುದು ಅಂತ ಶುರುವಾಯ್ತು, ಅಷ್ಟರಲ್ಲಿ ನಮ್ಮ ಭಾವ ಒಬ್ಬರು ಅದಕ್ಕೆ ಲಕ್ಷಗಟ್ಲೆ ರೇಟುಂಟು ಅಂದುಬಿಟ್ರು, ಅಲ್ಲಿಗೆ ಎಲ್ಲರ ಮಂಡೆ ಬಿಸಿ. ನಾನು ಬಿಎಸ್ಸಿ ಕೆಮಿಸ್ಟ್ರಿ ಓದಿದವ ಅಂತ ಎಲ್ಲ ನನ್ನ ಮೇಲೆ ಬಂತು. ಓದಿದ್ದು ಎಷ್ಟು ನೆನಪುಂಟು ಅಂತ ಯಾರೂ ಕೇಳ್ಲಿಲ್ಲ.

ಟಾರ್ಚಿನ ವಿಷಯಕ್ಕೆ ಬರುವಾ. ನಾನು ಮೊದಲು ಮಾಡಿದ ತಪ್ಪು ಎಂತ ಅಂದ್ರೆ 250 ರೂಪಾಯಿದು ತಗೊಂಡದ್ದು. ಅದರ ಬೆಳಕಿನ ಅಲೆಯ ಉದ್ದ 395 ನ್ಯಾನೋಮೀಟರ್, ಆನ್ ಮಾಡಿದ್ರೆ ಇಡೀ ರೂಮು ನೇರಳೆ, ಮದುವೆ ಹಾಲಿನ ಡಿಜೆ ಲೈಟಿನ ಹಾಗೆ. ಆ ನೇರಳೆ ಬೆಳಕೇ ಕಣ್ಣಿಗೆ ತುಂಬಿಕೊಂಡ್ರೆ ಚಿತ್ರದಿಂದ ಹೊರಡುವ ಸಣ್ಣ ಹೊಳಪು ಕಾಣುದು ಹೇಗೆ? ಬೇಕಾದ್ದು 365 ನ್ಯಾನೋಮೀಟರ್, ಅದೂ ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವಂತದ್ದು. ಆ ಕಪ್ಪು ಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಯುವಿಯನ್ನು ಮಾತ್ರ ಬಿಡ್ತದೆ. ಸರಿಯಾದ ಟಾರ್ಚ್ ಆನ್ ಮಾಡಿದ್ರೆ ಬಿಳಿ ಗೋಡೆಯ ಮೇಲೆ ಹೆಚ್ಚುಕಮ್ಮಿ ಎಂತದೂ ಕಾಣುದಿಲ್ಲ, ಹಾಳಾಗಿದೆಯಾ ಅಂತ ಅನುಮಾನ ಬರ್ತದೆ, ಅದೇ ಒಳ್ಳೆ ಟಾರ್ಚಿನ ಗುರುತು. ಟೆಸ್ಟ್ ಮಾಡ್ಲಿಕ್ಕೆ ಕಿಸೆಯಿಂದ ಒಂದು 500ರ ನೋಟು ತೆಗೀರಿ. ನಂಬರು, ಅದರ ದಾರ ಹೊಳೀಬೇಕು, ಕಾಗದ ಮಾತ್ರ ಮಂಕಾಗಿಯೇ ಇರ್ಬೇಕು. ಆಮೇಲೆ ನಿಮ್ಮ ಬನಿಯನ್ ಮೇಲೆ ಬಿಡಿ, ನೀಲಿ ಬಿಳಿಯಾಗಿ ಟ್ಯೂಬ್‌ಲೈಟ್ ಹಾಗೆ ಉರೀತದೆ, ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣ್ಲಿ ಅಂತ ಹಾಕುವ ಬ್ರೈಟ್ನರ್ ಕೆಲಸ ಅದು. ಈ ಬನಿಯನ್ ವಿಷಯ ನೆನಪಿಡಿ, ಮುಂದೆ ಬೇಕಾಗ್ತದೆ.

ರಾತ್ರಿ ಊಟ ಆದ ಮೇಲೆ ಚಾವಡಿಯ ಲೈಟ್ ಎಲ್ಲ ತೆಗೆದು ಮುತ್ತಜ್ಜನ ಮೇಲೆ ಟಾರ್ಚ್ ಬಿಟ್ಟೆ. ದೊಡ್ಡಮ್ಮ ಕುರ್ಚಿಯಲ್ಲಿ, ಮಕ್ಕಳೆಲ್ಲ ಹಿಂದೆ, ಹೊರಗೆ ಧೋ ಅಂತ ಮಳೆ. ಮೊದಲು ಇಡೀ ಚಿತ್ರದ ಮೇಲೆ ಒಂದು ತರ ಹಸಿರು ಹಳದಿ ಮಂಜು ಕವಿದ ಹಾಗೆ ಕಂಡಿತು, ನೀರು ನಿಂತ ಕೆರೆಯ ಪಾಚಿ ಬಣ್ಣ. ಅದು ಹಳೇ ವಾರ್ನಿಷ್. ಮರದ ಅಂಟಿನಿಂದ ಮಾಡಿದ ವಾರ್ನಿಷ್, ಡಾಮರ್, ಮ್ಯಾಸ್ಟಿಕ್ ಅಂತೆಲ್ಲ ಹೇಳ್ತಾರೆ, ಅದು ಹಳತಾದ ಹಾಗೆ ಯುವಿಯಲ್ಲಿ ಹೀಗೆ ಹೊಳೀತದೆ. ಹಗಲಲ್ಲಿ ನೋಡಿದ್ರೆ ಬರೀ ಹಳದಿಗಟ್ಟಿದ ಹಾಗೆ, ಮುತ್ತಜ್ಜನಿಗೆ ಕಾಮಾಲೆ ಬಂದ ಹಾಗೆ ಕಾಣುದು ಅಷ್ಟೆ.

ಆ ಹಸಿರು ಮಂಜಿನ ಮೇಲೆ ಕಪ್ಪು ಕಪ್ಪು ಮಚ್ಚೆ. ಎಡಗಡೆ ಪೇಟದಿಂದ ಕೆನ್ನೆಗೆ ಇಳಿದು ಶಾಲಿನ ತುದಿಗೆ ಬರುವ ಒಂದು ಉದ್ದ ಪಟ್ಟಿ. ಮತ್ತೆ ಮೀಸೆ! ಇಡೀ ಮೀಸೆ ಕಪ್ಪು. ಕಪ್ಪು ಬಣ್ಣದ ಮೀಸೆ ಕಪ್ಪಾಗಿ ಕಾಣದೆ ಇನ್ನೆಂತ ಅಂತ ಕೇಳ್ಬೇಡಿ, ತಲೆಕೂದಲು, ಹುಬ್ಬು, ಕೋಟಿನ ಗುಂಡಿ ಕೂಡ ಕಪ್ಪೇ ಅಲ್ವಾ, ಅವುಗಳ ಮೇಲೆಲ್ಲ ಹಸಿರು ಪರದೆ ಉಂಟು, ಮೀಸೆಯ ಮೇಲೆ ಇಲ್ಲ. ಅಂದ್ರೆ ಮೀಸೆ ವಾರ್ನಿಷಿನ ಮೇಲೆ ಕೂತಿದೆ, ಆಮೇಲೆ ಯಾರೋ ಬರೆದದ್ದು. ಹತ್ತಿರ ಹೋಗಿ ನೋಡಿದ್ರೆ ಆ ಗಟ್ಟಿ ಕಪ್ಪಿನ ಅಂಚಿನಲ್ಲಿ ಸಣ್ಣಕ್ಕೆ ಕತ್ತರಿಸಿದ ಇನ್ನೊಂದು ಮೀಸೆಯ ತುದಿ ಹಸಿರು ಪರದೆಯ ಅಡಿಯಲ್ಲಿ ಇಣುಕ್ತಾ ಇತ್ತು.

ನಾನು ಇದನ್ನು ಹೇಳಿದ್ದೇ ತಡ ದೊಡ್ಡಮ್ಮ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ "ಹೌದು ಮಗಾ, ಪಕ್ಕಾಸು ಕುಂಬಾಗಿ ಹಂಚು ಜಾರಿ ನೀರು ಸುರಿದಿತ್ತು, ನಿನ್ನ ಅಪ್ಪನ ಮದುವೆಯ ಮೊದಲಿನ ಮಳೆಗಾಲ" ಅಂದ್ರು. ಆಗ ಬಸ್ಸಿಗೆ ಬೋರ್ಡ್ ಬರೆಯುವ, ಸಿನಿಮಾ ಪೋಸ್ಟರಿಗೆ ಬಣ್ಣ ಹಾಕುವ ಆರ್ಟಿಸ್ಟ್ ಒಬ್ರನ್ನು ಕರ್ಕೊಂಡು ಬಂದಿದ್ರಂತೆ, ಅವರು ಎರಡು ದಿನ ಚಾವಡಿಯಲ್ಲಿ ಕೂತು ಊಟ ಕಾಫಿ ಎಲ್ಲ ಮಾಡಿ ಸರಿಮಾಡಿ ಕೊಟ್ರಂತೆ. ಮೀಸೆ ಯಾಕೆ ದೊಡ್ಡದು ಮಾಡಿದ್ರು ಅಂದ್ರೆ, "ಯಜಮಾನ್ರಿಗೆ ಒಂದು ಗತ್ತು ಬೇಡ್ವಾ" ಅಂತ ಅವರೇ ಹೇಳಿ ಮಾಡಿದ್ದಂತೆ. ಐವತ್ತು ವರ್ಷದಿಂದ ನಮ್ಮ ಮನೆಯ ಗಂಡಸರು ಮುತ್ತಜ್ಜನ ಮೀಸೆ ಅಂತ ಕಾಪಿ ಮಾಡ್ತಾ ಇರುದು ಒಬ್ಬ ಪೋಸ್ಟರ್ ಆರ್ಟಿಸ್ಟಿನ ಮೀಸೆಯನ್ನು. 1,350 ರೂಪಾಯಿ ಅಲ್ಲಿಗೇ ವಸೂಲು.

ಪೇಟದಲ್ಲಿ ಇನ್ನೊಂದು ಚೋದ್ಯ. ಪೇಟದ ಬಲಭಾಗದ ಬಿಳಿ, ವಾರ್ನಿಷಿನ ಅಡಿಯಿಂದಲೂ, ಒಂದು ತರ ತಿಳಿ ಹಳದಿಯಾಗಿ ಹೊಳೀತಾ ಇತ್ತು, ನೀರು ಬಿದ್ದು ರಿಪೇರಿಯಾದ ಎಡಭಾಗದ ಬಿಳಿ ಮಾತ್ರ ಗಾಢ ನೇರಳೆ. ಹಗಲು ಬೆಳಕಲ್ಲಿ ಎರಡೂ ಒಂದೇ. ಜಿಂಕ್ ವೈಟ್ ಯುವಿಯಲ್ಲಿ ಹಳದಿ ಹಸಿರಾಗಿ ಹೊಳೆಯುದು, ಟೈಟಾನಿಯಂ ವೈಟ್ ಯುವಿಯನ್ನು ನುಂಗಿ ಕಪ್ಪಾಗಿ ಕೂರುದು ಗೊತ್ತಿರುವ ವಿಷಯ. ಹಾಗಾದ್ರೆ ಮೊದಲಿನವರು ಜಿಂಕ್, ಆಮೇಲಿನವರು ಟೈಟಾನಿಯಂ ಬಳಸಿರ್ಬೇಕು ಅಂತ ನನ್ನ ಊಹೆ. ಊಹೆ ಮಾತ್ರ. ಟಾರ್ಚ್ ಅನುಮಾನ ಹುಟ್ಟಿಸ್ತದೆ, ತೀರ್ಪು ಕೊಡುದಿಲ್ಲ, ವಾರ್ನಿಷ್ ದಪ್ಪ ಇದ್ರೆ ಅಡಿಯ ಬಣ್ಣದ ಹೊಳಪನ್ನೆಲ್ಲ ಅದೇ ಮುಚ್ಚಿಬಿಡ್ತದೆ.

ಆಗ ನಮ್ಮ ತಮ್ಮನಿಗೆ ಹುರುಪು ಬಂತು, ಮೇಲಿನ ಮೀಸೆ ತೆಗೆದು ಒರಿಜಿನಲ್ ಮೀಸೆ ನೋಡುವಾ, ಟರ್ಪೆಂಟೈನಲ್ಲಿ ಒರೆಸಿದ್ರಾಯ್ತು ಅಂತ. ಯೂಟ್ಯೂಬಲ್ಲಿ ಬಟಾಟೆ ಹೋಳು ಉಜ್ಜುದು, ಬ್ರೆಡ್ ಉಜ್ಜುದು ಎಲ್ಲ ಉಂಟು. ನನ್ನ ಪುಣ್ಯಕ್ಕೆ ಮ್ಯೂಸಿಯಂ ಕೆಲಸದಲ್ಲಿದ್ದ ಒಬ್ಬ ಪರಿಚಯದವರಿಗೆ ಫೋನ್ ಮಾಡಿದೆ. ಅವರು ಹೇಳಿದ ಮೊದಲ ಮಾತು, ಕೈ ಹಾಕ್ಬೇಡಿ. ವಾರ್ನಿಷ್ ಕರಗಿಸುವ ದ್ರಾವಕ ಅಡಿಯ ಬಣ್ಣವನ್ನೂ ಮೆತ್ತಗೆ ಮಾಡಬಹುದು, ಯಾವುದು ಎಲ್ಲಿವರೆಗೆ ಅಂತ ಒಂದು ಮೂಲೆಯಲ್ಲಿ ಹತ್ತಿಯ ಕಡ್ಡಿಯಲ್ಲಿ ಸಾಸಿವೆಯಷ್ಟು ಜಾಗ ಪರೀಕ್ಷೆ ಮಾಡಿಯೇ ಮುಂದೆ ಹೋಗುದಂತೆ ಅವರೂ. ಎರಡನೆ ಮಾತು, ಯುವಿ ಗಿವಿ ಬಿಡಿ, ಮನೆಯಲ್ಲಿ ಸಾದಾ ಟಾರ್ಚ್ ಉಂಟಲ್ಲ, ಅದನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ಒಂದು ಫೋಟೋ ತೆಗೆದು ಕಳಿಸಿ.

ಇದು ಉಂಟಲ್ಲ, ಇದು ಫ್ರೀ ಸಾಮಾನು ಮತ್ತು ಇದೇ ಜಾಸ್ತಿ ಹೇಳಿತು. ಪಕ್ಕದ ಬೆಳಕಲ್ಲಿ ಮುತ್ತಜ್ಜನ ಮುಖ ಗದ್ದೆಯ ಹಾಗೆ ಕಂಡಿತು, ಬಣ್ಣ ಬಿರುಕು ಬಿಟ್ಟು ಚೂರು ಚೂರಿನ ಅಂಚು ಮೇಲೆದ್ದು ಸಣ್ಣ ಸಣ್ಣ ಬಟ್ಟಲು, ಕ್ಯಾನ್ವಾಸ್ ಕೆಳಗಡೆ ಜೋತು ಹೊಟ್ಟೆ ಬಂದದ್ದು, ಮೂಲೆಯಲ್ಲಿ ಮೊಳೆ ತಳ್ಳಿದ ಗುಬ್ಬಿ. ನಮ್ಮೂರಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಾಲ್ಕು ತಿಂಗಳು ಬಟ್ಟೆ ಒಣಗುದಿಲ್ಲ, ಕ್ಯಾನ್ವಾಸೂ ಬಟ್ಟೆಯೇ ಅಲ್ವಾ. ಅದಕ್ಕೆ ಬಳಿದ ಗೋಂದು ತೇವ ಕುಡಿದು ಮೆತ್ತಗಾಗ್ತದೆ, ಮಾರ್ಚ್ ಏಪ್ರಿಲಲ್ಲಿ ಒಣಗಿ ಬಿಗೀತದೆ, ಮೇಲೆ ಕೂತ ಆಯಿಲ್ ಬಣ್ಣ ಮಾತ್ರ ಎಂಬತ್ತು ತೊಂಬತ್ತು ವರ್ಷಕ್ಕೆ ಹಪ್ಪಳ ಆಗಿರ್ತದೆ, ಅದಕ್ಕೆ ಬಗ್ಗಲಿಕ್ಕೆ ಆಗುದಿಲ್ಲ, ಒಡೀತದೆ. ಅಂತಹ ಮೇಲ್ಮೈಗೆ ತಮ್ಮ ಬಟಾಟೆ ಉಜ್ಜಿದ್ದಿದ್ರೆ ಮೀಸೆಯ ಜೊತೆ ತುಟಿಯೂ ಬರ್ತಿತ್ತು.

ಇದನ್ನು ಕಲಿತ ಮೇಲೆ ಮಂಗಳೂರಿನ ಲೈಟ್‌ಹೌಸ್ ಹಿಲ್ಲಿನ ಅಲೋಶಿಯಸ್ ಚಾಪೆಲಿಗೆ ಇನ್ನೊಮ್ಮೆ ಹೋದೆ, ಕಾಲೇಜು ದಿನಗಳಲ್ಲಿ ನೂರು ಸಲ ಹೋದದ್ದೇ, ಆದ್ರೆ ಆಗ ನೋಡಿದ್ದು ಬೇರೆ ಎಂತದೋ. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಬರೆದ ಚಿತ್ರಗಳು, ಫ್ರೆಸ್ಕೋ ಕೂಡ ಉಂಟು, ಕ್ಯಾನ್ವಾಸಿನ ಮೇಲಿನ ಆಯಿಲ್ ಕೂಡ ಉಂಟು. ಫ್ರೆಸ್ಕೋ ಅಂದ್ರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಲ್ಲಿ ಕಲಸಿದ ಬಣ್ಣ, ಅಂಟು ಗಿಂಟು ಎಂತ ಇಲ್ಲ, ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ಒಳಗೆ ಹಿಡ್ಕೊಳ್ತದೆ. ಒಣಗಿದ ಗಾರೆಗೆ ಅದು ಹಿಡಿಯುದಿಲ್ಲ, ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೀಲಿಕ್ಕೆ ಆಗ್ತದೋ ಅಷ್ಟೇ ಗಾರೆ ಹಾಕುದು. ನಮ್ಮ ಕಡೆಯ ಹಳೇ ದೇವಸ್ಥಾನದ ಕಾವಿ ಚಿತ್ರವೂ ಸುಣ್ಣದ ನೆಂಟನೇ, ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು ಹಸಿ ಇರುವಾಗಲೇ ಕೆರೆದು ಬಿಳಿ ಹೊರಡಿಸುದು, ಆ ಕೆಂಪು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಮಾಸುವ ಜಾತಿ ಅಲ್ಲ. ಚಾಪೆಲಿನ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಅಂತ ಹಳೇ ಕಟ್ಟಡ, ಕಲೆ ಉಳಿಸುವ ಸಂಸ್ಥೆಯವರು ರಿಪೇರಿ ಮಾಡಿದ್ರು. ಅಲ್ಲಿಗೆಲ್ಲ ಈ ಟಾರ್ಚ್ ತಗೊಂಡು ಹೋಗ್ಬೇಡಿ ದಮ್ಮಯ್ಯ, ನಾನು ಮನೆಯಲ್ಲೇ ಬಿಟ್ಟು ಹೋದದ್ದು.

ಈಗ ಲಕ್ಷ್ಮಿ. ಇದಕ್ಕೆ ಯುವಿಗಿಂತ ಭೂತಗನ್ನಡಿ ಬೇಕಿತ್ತು, ಅದನ್ನು ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ತಂದೆ, 10 ಪಟ್ಟು ದೊಡ್ಡದು ಮಾಡುವ ಸಣ್ಣ ಮಡಚುವ ಲೂಪ್, 180 ರೂಪಾಯಿ. ಕಟ್ಟಿನಿಂದ ಬಿಚ್ಚಿ ಲಕ್ಷ್ಮಿಯ ಕೆನ್ನೆಗೆ ಲೂಪ್ ಹಿಡಿದ್ರೆ ಚುಕ್ಕಿ. ಗುಲಾಬಿ, ಹಳದಿ, ತಿಳಿನೀಲಿ ಚುಕ್ಕಿ, ರಂಗೋಲಿ ಪುಡಿ ಉದುರಿಸಿದ ಹಾಗೆ, ಒಂದರ ಮೇಲೆ ಒಂದು. ಕುಂಚದ ಒಂದು ಎಳೆಯೂ ಇಲ್ಲ. ದೊಡ್ಡಮ್ಮನಿಗೆ ತೋರಿಸಿದೆ, "ದೇವರ ಮೈಯೆಲ್ಲ ಅಮ್ಮ ಎದ್ದ ಹಾಗೆ ಕಾಣ್ತದಲ್ಲ" ಅಂತ ಬೇಜಾರು ಮಾಡಿಕೊಂಡ್ರು. ಅಂದ್ರೆ ಇದು ಪ್ರಿಂಟ್, ಓಲಿಯೋಗ್ರಾಫ್. ಆದ್ರೆ ಬೇಸರ ಮಾಡುವಂತದ್ದು ಎಂತ ಇಲ್ಲ, ಯಾಕೆ ಅಂದ್ರೆ ಚುಕ್ಕಿ ಸಾಲಾಗಿ ಇಲ್ಲ. ಈಗಿನ ಕ್ಯಾಲೆಂಡರ್ ತಗೊಂಡು ಲೂಪಲ್ಲಿ ನೋಡಿ, ನಾಲ್ಕು ಬಣ್ಣದ ಚುಕ್ಕಿ ಅಳತೆ ಹಿಡಿದ ಹಾಗೆ ಹೂವಿನ ಆಕಾರದಲ್ಲಿ ನಿಂತಿರ್ತದೆ. ಇದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಆ ಕಲ್ಲಿನ ಮೇಲೆ ಮನುಷ್ಯ ಕೂತು ಕೈಯಲ್ಲಿ ಚುಕ್ಕಿ ಇಟ್ಟದ್ದು, ಕೊನೆಗೆ ವಾರ್ನಿಷ್ ಬಳಿದು ಆಯಿಲ್ ಪೇಂಟಿಂಗ್ ಹಾಗೆ ಕಾಣಿಸಿದ್ದು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿದ್ದು, ಆಮೇಲೆ ಲೋಣಾವಳದ ಹತ್ತಿರಕ್ಕೆ ಹೋಯ್ತು, ದೇವರು ಮನೆ ಮನೆಗೆ ಬಂದದ್ದು ಆ ಕಲ್ಲುಗಳಿಂದ. ನಮ್ಮ ಲಕ್ಷ್ಮಿಯ ಸೀರೆಯ ಅಂಚಿಗೆ ಯಾರೋ ನಿಜವಾದ ಜರಿ ಅಂಟಿಸಿದ್ದಾರೆ, ಮುತ್ತಜ್ಜಿಯೇ ಇರ್ಬೇಕು, ಆಗ ಹಾಗೆ ಚಿತ್ರಕ್ಕೆ ಬಟ್ಟೆ ತೊಡಿಸುವ ಕ್ರಮ ಇತ್ತು. ಜರಿಯ ಒಂದು ಎಳೆ ಬಿಟ್ಟು ಹೋಗಿ ಅದರ ಅಡಿಯಲ್ಲಿ ಸೀರೆಯ ಕೆಂಪು ಹೊಸದರ ಹಾಗೆ ಉಂಟು, ಉಳಿದದ್ದೆಲ್ಲ ಬೆಳಕಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ನನಗೆ ಇಡೀ ಮನೆಯಲ್ಲಿ ಆ ಅರ್ಧ ಇಂಚು ಕೆಂಪಿನಷ್ಟು ಚಂದದ್ದು ಬೇರೆ ಇಲ್ಲ ಅಂತ ಈಗ ಅನ್ನಿಸ್ತದೆ.

ಹೊಟ್ಟೆ ಉರಿದದ್ದು ಎಲ್ಲಿ ಅಂದ್ರೆ ಕಟ್ಟಿನಲ್ಲಿ. ಇಪ್ಪತ್ತು ವರ್ಷ ಹಿಂದೆ ಮಂಗಳೂರಿನ ಒಂದು ಅಂಗಡಿಗೆ ಹೊಸ ಫ್ರೇಮ್ ಹಾಕ್ಲಿಕ್ಕೆ ಕೊಟ್ಟಿದ್ವಿ, ಅಂಗಡಿ ಹೆಸರು ಬೇಡ. ಅವರು ಚಿತ್ರವನ್ನು ಬಿಳಿ ಗೋಂದಲ್ಲಿ ಪ್ಲೈವುಡ್ಡಿಗೆ ಅಂಟಿಸಿಬಿಟ್ಟಿದ್ದಾರೆ, ಫ್ರೇಮಿನ ಅಳತೆಗೆ ಕೂರ್ಲಿಲ್ಲ ಅಂತ ನಾಲ್ಕೂ ಬದಿ ಕತ್ತರಿಯನ್ನೂ ಹಾಕಿದ್ದಾರೆ. ಪ್ರೆಸ್ಸಿನ ಹೆಸರು ಇರುದು ಆ ಅಂಚಿನಲ್ಲೇ! ಈಗ ಇದು ರವಿವರ್ಮ ಪ್ರೆಸ್ಸಿಂದೋ ಅದನ್ನು ನೋಡಿ ಬೇರೆಯವರು ಹೊಡೆದದ್ದೋ ಹೇಳುವ ಸಾಕ್ಷಿ ಅವರ ಕಸದ ಬುಟ್ಟಿಗೆ ಹೋಯ್ತು. ಗೋಂದೂ ಅಷ್ಟೆ, ಈ ಕೆಲಸ ಕಲಿತವರು ನಾಳೆ ತೆಗೀಲಿಕ್ಕೆ ಆಗುವಂತದ್ದನ್ನೇ ಹಾಕುದು, ಗೋಧಿಯ ಗಂಜಿ ಅಂಟು ಇತ್ಯಾದಿ, ನೀರು ತೋರಿಸಿದ್ರೆ ಬಿಡ್ತದೆ. ಪ್ಲೈವುಡ್ಡಿನಿಂದ ಹುಳಿ ಇಳಿದು ಕಾಗದ ಚಕ್ಕುಲಿ ಬಣ್ಣ ಆಗಿದೆ, ಮೇಲಿಂದ ಗಾಜಿಗೆ ತಾಗಿ ಬೂಷ್ಟು ಬೇರೆ.

ಆದ್ರೂ ಕಾಗದ ಒಂದು ವಿಷಯ ಹೇಳಿತು. ಯುವಿ ಬಿಟ್ಟಾಗ ಅದು ಹೊಳೀಲಿಲ್ಲ, ನೋಟಿನ ಕಾಗದದ ಹಾಗೆ ಮಂಕು. ಬನಿಯನ್ ನೆನಪುಂಟಲ್ಲ? ಆ ಬ್ರೈಟ್ನರನ್ನು ಕಾಗದಕ್ಕೆ ಹಾಕ್ಲಿಕ್ಕೆ ಶುರು ಮಾಡಿದ್ದು ಸುಮಾರು 1950ರಿಂದ ಈಚೆಗೆ, ಹಾಗಾಗಿ ನಮ್ಮ ಲಕ್ಷ್ಮಿ ಅದಕ್ಕಿಂತ ಹಳೇದಿರ್ಬಹುದು. ಇಷ್ಟು ಗೊತ್ತಾದ ಮೇಲೆ ಲಕ್ಷಗಟ್ಲೆ ಅಂದ ಆ ಭಾವ ಮೆಲ್ಲಗೆ ಅವರ ಮನೆಗೆ ಕರೆದ್ರು, ಅವರೂ ಒಂದು ಸರಸ್ವತಿ ತಂದಿಟ್ಟಿದ್ದಾರೆ, ನೂರು ವರ್ಷದ್ದು ಅಂತ ಹೇಳಿ ಯಾರೋ 18,000ಕ್ಕೆ ಕೊಟ್ಟದ್ದು, ಕಾಗದ ಹಳದಿ, ಅಲ್ಲಲ್ಲಿ ಕಂದು ಕಲೆ, ಅಂಚು ಹರಿದು ನೋಡ್ಲಿಕ್ಕೆ ಪಕ್ಕಾ ಹಳೇದೇ. ಲೈಟ್ ತೆಗೆದು ಟಾರ್ಚ್ ಬಿಟ್ಟೆ. ಹಳೇದರ ಹಾಗೆ ಕಾಣ್ಲಿ ಅಂತ ಬಳಿದ ಚಹಾ ನೀರು ಹಿಡೀದೆ ಉಳಿದ ಜಾಗದಲ್ಲೆಲ್ಲ ಸರಸ್ವತಿ ನೀಲಿ ಬಿಳಿ, ನನ್ನ ಬನಿಯನ್ ಮತ್ತು ಸರಸ್ವತಿ ಒಂದೇ ಬಣ್ಣ. ಲೂಪ್ ಹಿಡಿದ್ರೆ ಕ್ಯಾಲೆಂಡರಿನ ಚುಕ್ಕಿ ಹೂವು. ಭಾವ ಎಂತ ಹೇಳ್ಲಿಲ್ಲ, ಅಕ್ಕ ಮಾತ್ರ ಅಡುಗೆಮನೆಯಿಂದ "ಇನ್ನೊಂದು ಗ್ಲಾಸ್ ಚಹಾ ಬೇಕಾ" ಅಂತ ಕೇಳಿದ ದನಿ ಬೇರೆಯೇ ಇತ್ತು.

ಟಾರ್ಚಿನ ಕೈಯಲ್ಲಿ ಆಗದ್ದೂ ಹೇಳ್ಬೇಕು. ಬಣ್ಣದಲ್ಲಿ ಯಾವ ಮೂಲವಸ್ತು ಉಂಟು ಅಂತ ಇದು ಹೇಳುದಿಲ್ಲ, ಅದಕ್ಕೆ ಎಕ್ಸ್‌ಆರ್‌ಎಫ್ ಬೇಕು, ಎಕ್ಸ್‌ರೇ ಬಿಟ್ಟು ವಾಪಸ್ ಬರುವ ಕಿರಣದಲ್ಲಿ ಸೀಸವಾ ಪಾದರಸವಾ ಟೈಟಾನಿಯಮ್ಮಾ ಅಂತ ಓದುವ ಮೆಷಿನ್. ದೊಡ್ಡ ಲ್ಯಾಬಿನ ವಿಷಯ ಅಂತ ಅಂದ್ಕೊಂಡ್ರೆ ಅದರದೇ ತಮ್ಮ ನಮ್ಮೂರ ಚಿನ್ನದ ಅಂಗಡಿಗಳಲ್ಲಿ ಕೂತಿದ್ದಾನೆ, ಬಳೆ ಇಟ್ರೆ ಎಷ್ಟು ಕ್ಯಾರೆಟ್ ಅಂತ ಹೇಳುವ ಆ ಡಬ್ಬಿ ಇದೇ ಲೆಕ್ಕದಲ್ಲಿ ಓಡುದು. ಮುತ್ತಜ್ಜನನ್ನು ಅದರಲ್ಲಿ ಇಡಿ ಅಂತ ಕೇಳುವ ಧೈರ್ಯ ನನಗಿಲ್ಲ. ನಕಲಿ ಚಿತ್ರ ಬರೆದು ಮಾರ್ತಿದ್ದ ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಸಿಕ್ಕಿಬಿದ್ದದ್ದು ಟೈಟಾನಿಯಂ ವೈಟಿನಿಂದಲೇ, 1914ರದ್ದು ಅಂತ ಹೇಳಿ 2006ರಲ್ಲಿ 28 ಲಕ್ಷ ಯೂರೋಗಿಂತ ಜಾಸ್ತಿಗೆ ಹೋದ ಚಿತ್ರದಲ್ಲಿ ಆ ಕಾಲಕ್ಕೆ ಚಿತ್ರಕಾರರಿಗೆ ಸಿಕ್ಕದ ಬಿಳಿ ಇತ್ತು, 2011ರಲ್ಲಿ ಆರು ವರ್ಷ ಜೈಲು ಆಯ್ತು. ಅವನು ಜಿಂಕ್ ವೈಟ್ ಅಂತ ತಗೊಂಡ ಟ್ಯೂಬಲ್ಲಿ ಟೈಟಾನಿಯಂ ಬೆರೆತಿತ್ತಂತೆ, ಲೇಬಲಲ್ಲಿ ಬರೆದಿರ್ಲಿಲ್ಲ.

ಲೇಬಲ್ ಅಂದ ಕೂಡ್ಲೆ ಮೈಕ್ರೋಸ್ಕೋಪಿನ ನೆನಪಾಯ್ತು. ಬಾಕ್ಸಿನ ಮೇಲೆ 1600 ಪಟ್ಟು ಅಂತ ಉಂಟು. ಹಸಿ ಸುಳ್ಳು. ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ ಚಿತ್ರವನ್ನು ಎಳೆದು ದೊಡ್ಡದು ಮಾಡುದನ್ನೂ ಸೇರಿಸಿ ಹಾಕಿದ ಲೆಕ್ಕ ಅದು, ಸ್ಕೇಲ್ ಇಟ್ಟು ಅಳೆದು ನೋಡಿದೆ, ನನ್ನ ಅಂದಾಜಿಗೆ 100 ದಾಟುದಿಲ್ಲ, ಸ್ಪಷ್ಟ ಕಾಣುದು 50ರವರೆಗೆ. ಅದಾದ್ರೂ ಸಾಕಿತ್ತು, ಸ್ಟ್ಯಾಂಡ್ ನಿಲ್ಬೇಕಲ್ಲ, ಪ್ಲಾಸ್ಟಿಕ್ ಕುತ್ತಿಗೆ ತಾನಾಗಿ ಬಾಗ್ತದೆ, ಫೋಕಸ್ ಮುಟ್ಟಿದ್ರೆ ಚಿತ್ರ ಆಚೆ ಈಚೆ. ಒಮ್ಮೆ ಅದರ ಮೂತಿ ಮುತ್ತಜ್ಜನ ಕೆನ್ನೆಗೆ ತಾಗುದು ಕೂದಲೆಳೆಯಲ್ಲಿ ತಪ್ಪಿತು, ಎತ್ತಿಟ್ಟವ ಮತ್ತೆ ತೆಗೀಲಿಲ್ಲ. 180ರ ಲೂಪ್ ಮುಂದೆ ಇದು ಎಂತಕ್ಕೂ ಬೇಡ.

ಟಾರ್ಚ್ ತಗೊಳ್ಳುವವರು ಯುವಿ ತಡೆಯುವ ಕನ್ನಡಕ ಜೊತೆಗೇ ತಗೊಳ್ಳಿ, ಬೆಳಕು ಕಾಣುದಿಲ್ಲ ಅಂತ ಕಣ್ಣು ಮುಚ್ಚಿಕೊಳ್ಳುವ ಬುದ್ಧಿಯೂ ಬರುದಿಲ್ಲ, ಮಕ್ಕಳ ಕೈಗಂತೂ ಬೇಡ. ಚಿತ್ರದ ಮೇಲೂ ಗಂಟೆಗಟ್ಲೆ ಬಿಡ್ಬೇಡಿ, ಬೆಳಕಿನ ಪೆಟ್ಟು ಸಾಲದ ಬಡ್ಡಿಯ ಹಾಗೆ ಸೇರ್ತಾ ಹೋಗ್ತದೆ, ಮ್ಯೂಸಿಯಮ್ಮಿನವರು ಕಾಗದದ ಚಿತ್ರಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಅಂತ ಮಿತಿ ಇಟ್ಟದ್ದು ಸುಮ್ಮನೆ ಅಲ್ಲ. ನಾನು ಅರ್ಧ ನಿಮಿಷ ಬಿಟ್ಟು ಫೋಟೋ ತೆಗೆದು ಆಫ್ ಮಾಡುದು. ಬ್ಯಾಟರಿ ಒಂದು ಚಾರ್ಜಿಗೆ ಎರಡು ಗಂಟೆ ಬರ್ತದೆ, ಕುತ್ತಿಗೆ ಬಿಸಿ ಆಗ್ತದೆ, ಹಿಂದಿನ ಮುಚ್ಚಳದ ತಿರುಪು ಸ್ವಲ್ಪ ಲೂಸು. ಮುತ್ತಜ್ಜನನ್ನು ಮಳೆ ಬಿಟ್ಟ ಮೇಲೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಕೇಂದ್ರಕ್ಕೆ ತೋರಿಸುವ ಅಂತ ಇದ್ದೇವೆ, ಮೀಸೆ ತೆಗೀಬೇಕಾ ಇಡ್ಬೇಕಾ ಅಂತ ಮನೆಯಲ್ಲಿ ಎರಡು ಪಾರ್ಟಿ ಆಗಿದೆ, ದೊಡ್ಡಮ್ಮ ಇಡುವ ಪಾರ್ಟಿ. ಅಲ್ಲಿವರೆಗೆ ಟಾರ್ಚ್ ಅಮ್ಮನ ಕೈಯಲ್ಲಿ, ಚೇಳು ಯುವಿಯಲ್ಲಿ ಹಸಿರಾಗಿ ಹೊಳೀತದೆ ಅಂತ ಬಾಯ್ತಪ್ಪಿ ಹೇಳಿದ್ದೆ, ಈಗ ದಿನಾ ರಾತ್ರಿ ಕೆಂಪುಕಲ್ಲಿನ ಪಾಗಾರ ಪೂರ್ತಿ ಹುಡುಕಿ ಬಂದೇ ಮಲಗುದು, ನಿನ್ನೆಗೆ ಏಳು ಸಿಕ್ಕಿತ್ತು. ಮೈಕ್ರೋಸ್ಕೋಪ್ ಯಾರಿಗಾದ್ರೂ ಬೇಕಿದ್ರೆ ಹೇಳಿ, 600ಕ್ಕೆ ಕೊಡ್ತೇನೆ, ಕುತ್ತಿಗೆಗೆ ಸುತ್ತಿದ ರಬ್ಬರ್ ಬ್ಯಾಂಡ್ ಫ್ರೀ.